ದೊಡ್ಡ ನಂಬರ್ ಬೇಡ, ಬಲಕ್ಕೆ ಹೊರಳುವ ಡಿಸ್ಕ್ ಕೊಡಿ

ನಿಮಗೆ ಶನಿವಾರ ರಾತ್ರಿ ಊಟದ ಹೊತ್ತು, ನಮಗಿಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶನಿವಾರ ಬೆಳಗ್ಗೆ. ಆ ಹೊತ್ತಿಗೆ ವಿಡಿಯೊ ಕಾಲ್ ಮಾಡಿದರೆ ಮಗನೋ ಅಳಿಯನೋ ಮರಗಳ ನಡುವೆ ನಿಂತು, ಕೈಯಲ್ಲಿ ಬಣ್ಣದ ಪ್ಲಾಸ್ಟಿಕ್ ತಟ್ಟೆ ಹಿಡಿದುಕೊಂಡು 'ಆಮೇಲೆ ಮಾಡ್ತೀನಿ' ಎಂದರೆ ಗಾಬರಿಯಾಗಬೇಡಿ. ಅದು ಡಿಸ್ಕ್ ಗಾಲ್ಫ್. ಗಾಲ್ಫ್‌ನಂತೆಯೇ ಕಡಿಮೆ ಎಸೆತಗಳಲ್ಲಿ ಮುಗಿಸಬೇಕು. ಚೆಂಡಿನ ಬದಲು ಡಿಸ್ಕ್, ಗುಳಿಯ ಬದಲು ಸರಪಳಿ ತೂಗುಹಾಕಿದ ಕಬ್ಬಿಣದ ಬುಟ್ಟಿ. ಎಡ್ ಹೆಡ್ರಿಕ್ ಎಂಬಾತ 1975ರಲ್ಲಿ ಲಾಸ್ ಏಂಜಲೀಸ್ ಬಳಿಯ ಓಕ್ ಗ್ರೋವ್ ಪಾರ್ಕಿನಲ್ಲಿ ಮೊದಲ ಕಾಯಂ ಕೋರ್ಸ್ ಹಾಕಿದ. ಮರುವರ್ಷ ಆಟಗಾರರ ಸಂಘ ಪಿಡಿಜಿಎ ಹುಟ್ಟಿತು. ಬಹುತೇಕ ಕೋರ್ಸ್‌ಗಳು ಸಾರ್ವಜನಿಕ ಪಾರ್ಕ್‌ಗಳಲ್ಲಿರುವುದರಿಂದ ಕ್ಲಬ್ ಸದಸ್ಯತ್ವದ ಗೋಜಿಲ್ಲ. ಮೂರು ಡಿಸ್ಕ್ ಇದ್ದರೆ ಆಟ ಶುರು. ನಮ್ಮವರಿಗೆ ಇದು ಹಿಡಿಸಿದ್ದು ಸುಮ್ಮನೆ ಅಲ್ಲ.

ಹಿಡಿಸಿದ ಮೇಲೆ ನಮ್ಮವರು ಮಾಡುವ ಮೊದಲ ಕೆಲಸವೆಂದರೆ ಅಂಗಡಿಗೆ ಹೋಗಿ ಅತಿ ದೊಡ್ಡ ನಂಬರಿನ ಡಿಸ್ಕ್ ಕೊಳ್ಳುವುದು. ನನ್ನ ತಕರಾರು ಇರುವುದು ಇಲ್ಲೇ.

ದೂರ ಎಸೆಯುವ ಡಿಸ್ಕ್‌ಗೆ ಡಿಸ್ಟೆನ್ಸ್ ಡ್ರೈವರ್ ಎನ್ನುತ್ತಾರೆ. ಅದರ ಮೇಲೆ ನಾಲ್ಕು ಅಂಕಿಗಳಿರುತ್ತವೆ: ಸ್ಪೀಡ್, ಗ್ಲೈಡ್, ಟರ್ನ್, ಫೇಡ್. ಇನೋವಾ ಕಂಪನಿಯ ಪ್ರಸಿದ್ಧ ಡೆಸ್ಟ್ರಾಯರ್ ಡಿಸ್ಕ್‌ಗೆ 12, 5, ಮೈನಸ್ 1, 3. ಇದರಲ್ಲಿ 12 ಎಂಬುದನ್ನು ನೋಡಿ ನಮ್ಮ ಇಂಜಿನಿಯರುಗಳು 'ಇದು 9ಕ್ಕಿಂತ ಒಳ್ಳೆಯದು' ಎಂದು ತೀರ್ಮಾನಿಸುತ್ತಾರೆ. ಸ್ಪೀಡ್ 12 ಅಂದರೆ ಡಿಸ್ಕ್ ತಾನಾಗಿ ವೇಗವಾಗಿ ಹೋಗುತ್ತದೆ ಎಂದಲ್ಲ. ಅಷ್ಟು ವೇಗದಲ್ಲಿ ನೀವು ಎಸೆದರೆ ಮಾತ್ರ ಉಳಿದ ಮೂರು ಅಂಕಿಗಳು ನಿಜವಾಗುತ್ತವೆ ಎಂದು. ಕೈಯಿಂದ ಬಿಡುವಾಗ ಗಂಟೆಗೆ ಸುಮಾರು 60 ಮೈಲಿ ವೇಗ ಬೇಕು ಎಂಬುದು ಆಟಗಾರರ ರೂಢಿಯ ಲೆಕ್ಕ. ವಾರವಿಡೀ ಲ್ಯಾಪ್‌ಟಾಪ್ ಮುಂದೆ ಕೂತ ಭುಜಕ್ಕೆ ಅದು ದೂರದ ಮಾತು.

ಡಿಸ್ಕ್ ಹಾರುವ ಬಗೆ ತಿಳಿದರೆ ಉಳಿದದ್ದು ಸುಲಭ. ಬಲಗೈಯವರು ಟೆನಿಸ್ ಬ್ಯಾಕ್‌ಹ್ಯಾಂಡ್‌ನಂತೆ ಬೀಸಿ ಎಸೆದರೆ ಡಿಸ್ಕ್ ಮೇಲಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ತಿರುಗುವ ಬುಗುರಿಯನ್ನು ಬೆರಳಿನಿಂದ ಮುಂದಕ್ಕೆ ತಳ್ಳಿದರೆ ಅದು ಪಕ್ಕಕ್ಕೆ ವಾಲುವುದನ್ನು ನೋಡಿದ್ದೀರಲ್ಲ, ಗಾಳಿಯ ಒತ್ತಡ ಡಿಸ್ಕ್‌ಗೆ ಮಾಡುವುದೂ ಅದನ್ನೇ. ವೇಗ ಹೆಚ್ಚಿದ್ದಾಗ ಡಿಸ್ಕ್ ಬಲಕ್ಕೆ ವಾಲಲು ನೋಡುತ್ತದೆ, ಇದು ಟರ್ನ್. ವೇಗ ಕುಂದಿದಾಗ ಎಡಕ್ಕೆ ಬೀಳುತ್ತದೆ, ಇದು ಫೇಡ್. (ಎಡಗೈಯವರು ಎಲ್ಲವನ್ನೂ ತಿರುವುಮುರುವು ಮಾಡಿ ಓದಿಕೊಳ್ಳಬೇಕು.) ಬಲಕ್ಕೆ ವಾಲುವ ಗುಣ ಹೆಚ್ಚಿರುವ, ಎಡಕ್ಕೆ ಬೀಳುವ ಗುಣ ಕಡಿಮೆಯಿರುವ ಡಿಸ್ಕೇ ಅಂಡರ್‌ಸ್ಟೇಬಲ್. ಇದರ ತದ್ವಿರುದ್ಧ ಓವರ್‌ಸ್ಟೇಬಲ್.

ನಿಧಾನದ ಕೈಯವರು ಡೆಸ್ಟ್ರಾಯರ್ ಎಸೆದಾಗ ಏನಾಗುತ್ತದೆ? ಮೊದಲ ಹಂತ ಬರುವುದೇ ಇಲ್ಲ. ಕೈಬಿಟ್ಟ ಕ್ಷಣದಿಂದಲೇ ಡಿಸ್ಕ್ ಎರಡನೇ ಹಂತದಲ್ಲಿರುತ್ತದೆ, ನೂರು ನೂರೈವತ್ತು ಅಡಿ ಹೋಗಿ ಎಡಕ್ಕೆ ಕೊಕ್ಕೆ ಹಾಕಿಕೊಂಡು ಪೊದೆಗೆ ಬೀಳುತ್ತದೆ. ಇನ್ನೂ ಜೋರಾಗಿ ಎಸೆಯಬೇಕು ಅನ್ನಿಸುತ್ತದೆ. ಜೋರು ಮಾಡಿದರೆ ಡಿಸ್ಕಿನ ಮುಂದಿನ ಅಂಚು ಮೇಲೇಳುತ್ತದೆ, ಡಿಸ್ಕ್ ಇನ್ನೂ ಬೇಗ ಬೀಳುತ್ತದೆ, ಭುಜ ನೋಯುತ್ತದೆ. ಅದೇ ಕೈಗೆ ಅಂಡರ್‌ಸ್ಟೇಬಲ್ ಡಿಸ್ಕ್ ಕೊಟ್ಟರೆ ಬಲಕ್ಕೆ ಹೊರಳುವ ಅದರ ಸ್ವಭಾವವೂ ಎಡಕ್ಕೆ ಬೀಳುವ ಸ್ವಭಾವವೂ ಒಂದಕ್ಕೊಂದು ವಜಾ ಆಗಿ ನೇರ ಹಾರುತ್ತದೆ. ಇದು ಪವಾಡವಲ್ಲ, ಜಮಾ-ಖರ್ಚು.

ಆದರೆ ನಮ್ಮ ಗುಂಪುಗಳಲ್ಲಿ ಇದಕ್ಕೊಂದು ಕೆಟ್ಟ ಹೆಸರು. 'ಅದು ಬಿಗಿನರ್ ಡಿಸ್ಕ್', 'ಅದು ಹೆಂಗಸರದ್ದು' ಎಂಬ ಮಾತುಗಳನ್ನು ವಿದ್ಯಾವಂತರ ಬಾಯಲ್ಲೇ ಕೇಳಿದ್ದೇನೆ. ಹೆಸರಿನಲ್ಲೇ 'ಅಂಡರ್' ಎಂದಿರುವುದು ಪಾಪ ಅದರ ದುರದೃಷ್ಟ. ಹೆಚ್ಚು ದೂರ ಎಸೆಯುವವರೂ ಅಂಡರ್‌ಸ್ಟೇಬಲ್ ಡಿಸ್ಕನ್ನೇ ಎಡಕ್ಕೆ ವಾಲಿಸಿ ಬಿಟ್ಟು, ಅದು ಗಾಳಿಯಲ್ಲಿ ತಾನೇ ಸಮಕ್ಕೆ ಬಂದು ತೇಲುವಂತೆ ಮಾಡುತ್ತಾರೆ. ಮರಗಳ ಸಾಲಿನ ನಡುವೆ ಬಲಕ್ಕೆ ತಿರುಗುವ ದಾರಿಯಿದ್ದರೆ ಪಳಗಿದವರು ಚೀಲದಿಂದ ತೆಗೆಯುವುದೂ ಇದನ್ನೇ. ದಾಖಲೆಗಳ ಮಾತಿಗೆ ಬಂದರೆ, ಡೇವಿಡ್ ವಿಗಿನ್ಸ್ ಜೂನಿಯರ್ 2016ರಲ್ಲಿ ನೆವಾಡಾ ಮರುಭೂಮಿಯಲ್ಲಿ ಬೆನ್ನಿಗೆ ಗಾಳಿಯಿಟ್ಟುಕೊಂಡು 338 ಮೀಟರ್ ಎಸೆದ. ಅದನ್ನು ನೋಡಿ ಡಿಸ್ಕ್ ಆರಿಸುವುದು ಬುಮ್ರಾನ ಬೌಲಿಂಗ್ ನೋಡಿ ಶೂ ಕೊಂಡಂತೆ.

ಇಷ್ಟು ಉದ್ದ ಹೇಳಲು ಕಾರಣ ಅಪ್ಪಂದಿರು. ಬೇಸಿಗೆಯಲ್ಲಿ ಊರಿನಿಂದ ಆರು ತಿಂಗಳ ಮಟ್ಟಿಗೆ ಬಂದವರು ವಾರದ ಐದು ದಿನ ಅಪಾರ್ಟ್‌ಮೆಂಟಿನಲ್ಲಿ ಕೂರುತ್ತಾರೆ. ಮಗ ಸೊಸೆ ಇಬ್ಬರೂ ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ. ನಡೆದು ಹೋಗಲು ಅಂಗಡಿಯಿಲ್ಲ, ಹರಟೆಗೆ ಕಟ್ಟೆಯಿಲ್ಲ. ವಾರಾಂತ್ಯದಲ್ಲಿ ದೇವಸ್ಥಾನ ಮತ್ತು ಕಾಸ್ಟ್‌ಕೊ. ಅಂಥವರನ್ನು ಸ್ಯಾನ್ ಹೊಸೆಯ ಹೆಲಿಯರ್ ಪಾರ್ಕಿಗೆ ಕರೆತಂದು ಮಗ ತನ್ನ 175 ಗ್ರಾಮಿನ ಸ್ಪೀಡ್ 12 ಡಿಸ್ಕ್ ಕೈಗಿಡುತ್ತಾನೆ. ಅದು ಅರವತ್ತು ಅಡಿ ಹೋಗಿ ಎಡಕ್ಕೆ ಬೀಳುತ್ತದೆ. ಎರಡನೆಯದೂ ಹಾಗೇ. 'ನಮಗೆಲ್ಲ ಇದು ಆಗೋದಲ್ಲ ಬಿಡಪ್ಪ' ಎಂದು ಹಿರಿಯರು ಬೆಂಚಿಗೆ ಹೋಗಿ ಕೂರುತ್ತಾರೆ. ಮುಂದಿನ ವಾರ ಬರುವುದೇ ಇಲ್ಲ. ನಮ್ಮ ಹಿರಿಯರಿಗೆ ಆಗದ್ದು ಆಟವಲ್ಲ, ಆ ಡಿಸ್ಕ್. ಹತ್ತು ಹನ್ನೆರಡು ವರ್ಷದ ಮಕ್ಕಳ ಕಥೆಯೂ ಇದೇ, ಅವರು ಬೆಂಚಿನ ಬದಲು ಫೋನಿಗೆ ಮರಳುತ್ತಾರೆ ಅಷ್ಟೇ. ಆದ್ದರಿಂದ ಮನೆಗೊಂದು ದೂರದ ಡಿಸ್ಕ್ ಕೊಳ್ಳುವುದಾದರೆ ಮನೆಯಲ್ಲಿ ಅತಿ ನಿಧಾನದ ಕೈ ಯಾರದೋ ಅವರಿಗೆ ಸರಿಯಾಗಿ ಕೊಳ್ಳಿ ಎಂಬುದು ನನ್ನ ಅಭಿಪ್ರಾಯ. ವೇಗದ ಕೈಯವನು ಅದನ್ನು ಎಡಕ್ಕೆ ವಾಲಿಸಿ ಎಸೆದು ನಿಭಾಯಿಸಬಲ್ಲ. ನಿಧಾನದ ಕೈಯವರು ಡೆಸ್ಟ್ರಾಯರನ್ನು ಯಾವ ಉಪಾಯದಿಂದಲೂ ನಿಭಾಯಿಸಲಾರರು.

ಯಾವುದನ್ನು? ಇನೋವಾದ ಪಟ್ಟಿಯಿಂದಲೇ ಹೇಳುತ್ತೇನೆ, ಅಂಗಡಿಗಳಲ್ಲಿ ಅವು ಸುಲಭವಾಗಿ ಸಿಗುತ್ತವೆ. ಕಟಾನಾ 13, 5, ಮೈನಸ್ 3, 3. ಟರ್ನ್ ನೋಡಿ ಮರುಳಾಗಬೇಡಿ, ಫೇಡ್ 3 ಇದೆ, ಅಂಚು ಹಿಡಿತಕ್ಕೆ ದಪ್ಪ. ಟರ್ನ್ 12, 6, ಮೈನಸ್ 2, 2 (ಇದು ಡಿಸ್ಕಿನ ಹೆಸರು, ಒಂದು ಕಡಲಹಕ್ಕಿಯದು; ಅಂಕಿಯ ಟರ್ನ್ ಬೇರೆ), ಮುನ್ನೂರು ಅಡಿ ದಾಟಿಸುವವರಿಗೆ ಚೆನ್ನ. ಮಾಂಬಾ 11, 6, ಮೈನಸ್ 5, 1. ಕಾಗದದ ಮೇಲೆ ಇದೇ ಅತ್ಯಂತ ಅಂಡರ್‌ಸ್ಟೇಬಲ್, ಹಲವರು ಶಿಫಾರಸು ಮಾಡುವುದೂ ಇದನ್ನೇ. ನನ್ನ ಮತ ಸೈಡ್‌ವೈಂಡರ್‌ಗೆ: 9, 5, ಮೈನಸ್ 3, 1. ಸ್ಪೀಡ್ 9 ಆದ್ದರಿಂದ ಅಂಚು ಕಿರಿದು, ಸಣ್ಣ ಅಂಗೈಗೂ ಹಿಡಿತ ಸಿಗುತ್ತದೆ. ಮತ್ತು ಮಾಂಬಾದ ಮೈನಸ್ 5 ಪೂರ್ತಿ ಕಾಣಿಸಿಕೊಳ್ಳುವುದು ಸ್ಪೀಡ್ 11ರ ಕೈಗೆ ಮಾತ್ರ. ಇನ್ನೂ ನಿಧಾನದ ಕೈಯಾದರೆ ರೋಡ್‌ರನ್ನರ್, 9, 5, ಮೈನಸ್ 4, 1. ಇನ್ನೂರು ಅಡಿಯೂ ದಾಟದವರಿಗೆ ಡಿಸ್ಟೆನ್ಸ್ ಡ್ರೈವರ್ ಯಾವುದೂ ಬೇಡ, ಲೆಪರ್ಡ್‌ನಂಥ ಸ್ಪೀಡ್ 6ರ ಡಿಸ್ಕ್ ಅದಕ್ಕಿಂತ ದೂರ ಹೋಗುತ್ತದೆ.

ಅಂದಹಾಗೆ ಈ ಅಂಕಿಗಳನ್ನು ಕೊಡುವುದು ಆಯಾ ಕಂಪನಿಯೇ. ಪಿಡಿಜಿಎ ಪರೀಕ್ಷಿಸುವುದು ಡಿಸ್ಕಿನ ಅಳತೆ, ತೂಕ, ಬಾಗುವಿಕೆಯನ್ನು; ಹಾರಾಟದ ಅಂಕಿಗಳನ್ನಲ್ಲ. ನನ್ನ ವೃತ್ತಿಯ ಭಾಷೆಯಲ್ಲಿ ಅವು ಆಡಿಟ್ ಆಗದ ಅಂಕಿಗಳು. ಒಂದು ಕಂಪನಿಯ ಮೈನಸ್ 3 ಇನ್ನೊಂದರ ಮೈನಸ್ 2ಕ್ಕೆ ಸಮವಿರಬಹುದು. ಒಂದೇ ಹೆಸರಿನ ಎರಡು ಡಿಸ್ಕ್‌ಗಳೂ ಬೇರೆಯಾಗಿ ಹಾರುತ್ತವೆ. ಅಂಗಡಿಯಲ್ಲಿ ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಕಣ್ಣಿನ ಮಟ್ಟದಲ್ಲಿ ನೋಡಿ. ಹೊರ ಅಂಚಿನ ಚೂಪು ಗೆರೆ ಮೇಜಿಗೆ ಹತ್ತಿರವಿರುವುದು ಹೆಚ್ಚು ಅಂಡರ್‌ಸ್ಟೇಬಲ್, ಎತ್ತರದಲ್ಲಿರುವುದು ಕಡಿಮೆ. ಅಂಗಡಿಯವರು ಬೇಸರ ಮಾಡಿಕೊಳ್ಳುವುದಿಲ್ಲ, ಇಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆ.

ತೂಕದ ವಿಷಯದಲ್ಲಿ ನಮ್ಮವರ ಹಟ ಇನ್ನೂ ವಿಚಿತ್ರ. ನಿಯಮದ ಪ್ರಕಾರ ವ್ಯಾಸದ ಪ್ರತಿ ಸೆಂಟಿಮೀಟರಿಗೆ 8.3 ಗ್ರಾಮ್ ಮೀರುವಂತಿಲ್ಲ, 21.1 ಸೆಂಟಿಮೀಟರಿನ ಡ್ರೈವರ್‌ಗೆ ಅದು ಸುಮಾರು 175 ಗ್ರಾಮ್. ಅದು ಗರಿಷ್ಠ ಮಿತಿ, ಪಾಸ್ ಮಾರ್ಕ್ ಅಲ್ಲ. ಹಿರಿಯರಿಗೂ ಮಕ್ಕಳಿಗೂ 150ರಿಂದ 159 ಗ್ರಾಮ್, ಮಿಕ್ಕವರಿಗೆ 165ರ ಆಸುಪಾಸು ಸಾಕು. ಹಗುರ ಡಿಸ್ಕ್‌ಗೆ ವೇಗ ಕೊಡುವುದು ಸುಲಭ, ಹಾಗಾಗಿ ಟರ್ನ್ ಕೂಡ ಸುಲಭವಾಗಿ ಬರುತ್ತದೆ.

ಪ್ಲಾಸ್ಟಿಕ್‌ನಲ್ಲಿ ಡಿಎಕ್ಸ್ ಅಗ್ಗದ್ದು, ಚಾಂಪಿಯನ್ ಮತ್ತು ಸ್ಟಾರ್ ದುಬಾರಿ ಮತ್ತು ಗಟ್ಟಿ. ಡಿಎಕ್ಸ್ ಮರಕ್ಕೆ ಬಡಿದೂ ಬಡಿದೂ ಬೇಗ ಸವೆಯುತ್ತದೆ. ಆದರೆ ಸವೆದಷ್ಟೂ ಡಿಸ್ಕ್ ಹೆಚ್ಚು ಅಂಡರ್‌ಸ್ಟೇಬಲ್ ಆಗುತ್ತದೆ. ಇಪ್ಪತ್ತು ವರ್ಷದಿಂದ ಲೆಕ್ಕಪತ್ರ ನೋಡುತ್ತಿದ್ದೇನೆ, ಸವಕಳಿಯಿಂದ ಉಪಯೋಗ ಹೆಚ್ಚುವ ಆಸ್ತಿಯನ್ನು ಬೇರೆಲ್ಲೂ ಕಂಡಿಲ್ಲ. ಆದ್ದರಿಂದ ಹಳೆಯ ಡಿಸ್ಕ್‌ಗಳ ಡಬ್ಬಿಯನ್ನು ಮರೆಯದೆ ಜಾಲಾಡಿ. ಯಾರೋ ಎಸೆದು ಎಸೆದು ಮೆತ್ತಗಾಗಿಸಿದ ವಾಲ್ಕಿರಿ ಅರ್ಧ ಬೆಲೆಗೆ ಸಿಕ್ಕರೆ ಅಪ್ಪನಿಗೆ ಅದಕ್ಕಿಂತ ಒಳ್ಳೆಯದು ಬೇಡ.

ಒಂದು ಆಕ್ಷೇಪಣೆಯನ್ನು ಒಪ್ಪಲೇಬೇಕು. ಎದುರು ಗಾಳಿಗೆ ಅಂಡರ್‌ಸ್ಟೇಬಲ್ ಡಿಸ್ಕ್ ಕೆಲಸಕ್ಕೆ ಬರುವುದಿಲ್ಲ. ಗಾಳಿ ಸೇರಿದರೆ ಡಿಸ್ಕ್‌ಗೆ ವೇಗ ಹೆಚ್ಚಿದಂತೆಯೇ ಲೆಕ್ಕ, ಬಲಕ್ಕೆ ಮಗುಚಿ ನೆಲಕ್ಕೆ ಬಿದ್ದು ಚಕ್ರದಂತೆ ಉರುಳಿಹೋಗುತ್ತದೆ. ಬೇಸಿಗೆ ಮಧ್ಯಾಹ್ನ ಕೊಲ್ಲಿಯ ಕಡೆಯಿಂದ ಸ್ಯಾನ್ ಹೊಸೆ ಕಣಿವೆಗೆ ಗಾಳಿ ನುಗ್ಗುತ್ತದೆ, ಆಗ ಇದು ದಿನವೂ ಕಾಣುವ ದೃಶ್ಯ. ಎರಡನೇ ಡ್ರೈವರ್ ಆಗಿ ಫೇಡ್ ಹೆಚ್ಚಿರುವುದೊಂದು ಇರಲಿ, ಅದು ಮಗನ ಕೈಗೆ. ಹಿರಿಯರ ಜೊತೆ ಹೋಗುವುದಾದರೆ ಬೆಳಗ್ಗೆ ಎಂಟಕ್ಕೆ ಹೋಗಿ, ಬಿಸಿಲೂ ಇರುವುದಿಲ್ಲ, ಗಾಳಿಯೂ ಇರುವುದಿಲ್ಲ. ಸ್ಯಾಂಟಾ ಕ್ರೂಜ್‌ನ ಡಿಲಾವಿಯಾಗಾ ಕೋರ್ಸ್ ಪ್ರಸಿದ್ಧವೇನೋ ಹೌದು, ಅಲ್ಲಿನ 27ನೇ ಬುಟ್ಟಿಗೆ ಬೆಟ್ಟದ ತಲೆಯಿಂದ ಕೆಳಕ್ಕೆ ಎಸೆಯುವ ಖುಷಿಯೇ ಬೇರೆ. ಆದರೆ ಏರಿಳಿತ ಬಹಳ, ಮೊಣಕಾಲು ನೋವಿರುವವರನ್ನು ಮೊದಲ ದಿನವೇ ಅಲ್ಲಿಗೆ ಕರೆದೊಯ್ಯಬೇಡಿ.

ಈ ಬೇಸಿಗೆಗೆ ಟಿಕೆಟ್ ಮಾಡಿಸಿರುವ ಹಿರಿಯರು, ಮಗ ಚೀಲದಿಂದ ತೆಗೆದುಕೊಟ್ಟ ಮೊದಲ ಡಿಸ್ಕನ್ನೇ ಎಸೆಯಬೇಕಿಲ್ಲ. ಒಳಮೈಯಲ್ಲಿ ಬರೆದ ತೂಕ ನೋಡಿ, ಮೂರನೇ ಅಂಕಿ ಮೈನಸ್ 3 ಅಥವಾ 4 ಇದೆಯೇ ಕೇಳಿ. ಇಲ್ಲವೆಂದರೆ ಅಂಗಡಿಗೆ ಕರೆದುಕೊಂಡು ಹೋಗು ಎನ್ನಿ, ಡಿಎಕ್ಸ್ ಆದರೆ ಒಂದು ಸಿನಿಮಾ ಟಿಕೆಟ್ಟಿಗಿಂತ ಹೆಚ್ಚಾಗುವುದಿಲ್ಲ. ಕೊಂಡ ಮೇಲೆ ಒಳಮೈಯಲ್ಲಿ ಅಳಿಸದ ಶಾಯಿಯಿಂದ ಮಗನ ಇಲ್ಲಿನ ಫೋನ್ ನಂಬರ್ ಬರೆಸಿಕೊಳ್ಳಿ. ಪೊದೆಯಲ್ಲಿ ಕಳೆದುಹೋದ ಡಿಸ್ಕ್ ಸಿಕ್ಕಿದವರು ಸಾಮಾನ್ಯವಾಗಿ ಫೋನ್ ಮಾಡಿ ವಾಪಸ್ ಕೊಡುತ್ತಾರೆ.