ಕಿರಿಯರ ಮಾತು ಮೊದಲು

ಮಕ್ಕಳೇ, ಕುರುಗೋಡಿನ ದೊಡ್ಡಬಸವೇಶ್ವರನ ದರ್ಶನ ಮುಗಿಸಿ ಮೊಮ್ಮಗನೊಂದಿಗೆ ಬಳ್ಳಾರಿ ಬಸ್ಸು ಹತ್ತಿದ್ದೆ. "ತಾತ, ನಮ್ಮೂರಲ್ಲಿ ಕಂಟೋನ್ಮೆಂಟ್ ಅಂತಾರಲ್ಲ, ಹಾಗಂದ್ರೇನು?" ಎಂದ. ಬ್ರಿಟಿಷರ ಕಾಲದಲ್ಲಿ ಸೈನ್ಯ ಬೀಡುಬಿಟ್ಟ ಜಾಗ ಎಂದೆ. "ಹಂಗಾದ್ರೆ ಸೈನಿಕರೇ ಕಳ್ಳತನ, ಕೊಲೆ ಮಾಡಿದ್ರೆ ಯಾರು ಹಿಡೀತಾರೆ?"

ಒಳ್ಳೆಯ ಪ್ರಶ್ನೆ. ನಮ್ಮ ಭೂಸೇನೆಗೆ 1950ರ ಸೇನಾ ಕಾಯ್ದೆ ಇದೆ. ಗಂಭೀರ ತಪ್ಪಿನ ಸುದ್ದಿ ಬಂದರೆ ಸಾಮಾನ್ಯವಾಗಿ ಮೊದಲು 'ಕೋರ್ಟ್ ಆಫ್ ಎನ್‌ಕ್ವೈರಿ' ಕೂರುತ್ತದೆ. ಹೆಸರು ಕೋರ್ಟ್ ಆದರೂ ಅದು ಶಿಕ್ಷೆ ಕೊಡುವುದಿಲ್ಲ. ನಡೆದದ್ದೇನೆಂದು ಸಾಕ್ಷಿಗಳನ್ನು ಕೇಳಿ ಬರೆದುಕೊಳ್ಳುತ್ತದೆ. ಯಾರ ಮಾನಕ್ಕೆ ಧಕ್ಕೆ ಬರುವಂತಿದೆಯೋ ಆತ ಅಲ್ಲೇ ಇದ್ದು ಸಾಕ್ಷಿಗಳನ್ನು ಪ್ರಶ್ನಿಸಬಹುದು. ಆಮೇಲೆ ಕಮಾಂಡಿಂಗ್ ಆಫೀಸರ್ ಆರೋಪ ಕೇಳಿ, ಸಾಕ್ಷ್ಯದ ಸಾರಾಂಶ ಬರೆಸುತ್ತಾರೆ. ದೊಡ್ಡ ಅಪರಾಧವಾದರೆ ಜನರಲ್ ಕೋರ್ಟ್ ಮಾರ್ಷಲ್. ಅದರಲ್ಲಿ ಕನಿಷ್ಠ 5 ಅಧಿಕಾರಿಗಳು, ಜೊತೆಗೆ ಕಾನೂನು ತಿಳಿಸುವ ಜಡ್ಜ್ ಅಡ್ವೊಕೇಟ್. ಮೇಲಿನವರು ದೃಢಪಡಿಸುವವರೆಗೆ ಅದರ ತೀರ್ಪಿಗೆ ಬೆಲೆಯಿಲ್ಲ. ಸೈನಿಕ ನಾಗರಿಕನೊಬ್ಬನನ್ನು ಕೊಂದರೆ, ಯುದ್ಧಸೇವೆ, ಗಡಿ ಠಾಣೆ, ಹೊರದೇಶದ ಸಂದರ್ಭ ಬಿಟ್ಟು, ವಿಚಾರಣೆ ನಮ್ಮ ನಿಮ್ಮಂಥವರ ನ್ಯಾಯಾಲಯದಲ್ಲೇ.

ನನಗೆ ತುಂಬ ಹಿಡಿಸಿದ ನಿಯಮ ಒಂದಿದೆ. ಕೋರ್ಟ್ ಮಾರ್ಷಲ್‌ನಲ್ಲಿ ಅಭಿಪ್ರಾಯ ಹೇಳುವಾಗ ಎಲ್ಲರಿಗಿಂತ ಕಿರಿಯ ಅಧಿಕಾರಿ ಮೊದಲು ಹೇಳಬೇಕು. ಹಿರಿಯರು ಬಾಯಿಬಿಟ್ಟ ಮೇಲೆ ಕಿರಿಯರು ಎದುರಾಡುವುದು ಕಷ್ಟ ನೋಡಿ!

ಇದನ್ನು ಓದಿದಾಗ ಸಿರುಗುಪ್ಪ ನೆನಪಾಯಿತು. ಭತ್ತದ ಸುಗ್ಗಿ, ಶಾಖೆಯ ತುಂಬ ರೈತರು. ಸಂಜೆ ಲೆಕ್ಕ ಹಾಕಿದರೆ ನನ್ನ ಕ್ಯಾಶಿನಲ್ಲಿ 500 ರೂಪಾಯಿ ಕಡಿಮೆ. ಮೇಲಧಿಕಾರಿ "ಇವನದೇ ತಪ್ಪು" ಎಂದರು. ಉಳಿದವರೆಲ್ಲ ತಲೆಯಾಡಿಸಿದರು. ಕೈಯಿಂದ ಹಣ ಕಟ್ಟಿದೆ. ಮೂರು ತಿಂಗಳ ಮೇಲೆ ಲೆಡ್ಜರುಗಳ ನಡುವೆ 500ರ ವೋಚರ್ ಸಿಕ್ಕಿತು. ಆಗ ಅಟೆಂಡರ್ ಹುಡುಗ ಅಂದ: "ಅದನ್ನ ಒಯ್ದು ಇಟ್ಟವನು ನಾನೇ ಸಾರ್. ಅವತ್ತೇ ಹೇಳೋಣ ಅಂದ್ಕೊಂಡೆ. ಸಾಹೇಬ್ರು ಆಗಲೇ ಹೇಳಿಬಿಟ್ಟಿದ್ರು." ಹಣ ವಾಪಸ್ಸು ಬಂತು. ಆ ಮೂರು ತಿಂಗಳ ನಿದ್ದೆ ಬರಲಿಲ್ಲ.

ಸೈನ್ಯದಲ್ಲೂ ನಿಯಮ ಮುರಿದದ್ದುಂಟು. ಜವಾನನೊಬ್ಬ ತನ್ನ ಅಧಿಕಾರಿಯ ಮೇಲೆ ದೂರು ಕೊಟ್ಟಿದ್ದ. ಮುಂದೆ ಊಟ ಮಾಡು ಎಂಬ ಆಜ್ಞೆ ಮೀರಿದನೆಂದು ಅವನ ವಿಚಾರಣೆಯಾದಾಗ ಅದೇ ಅಧಿಕಾರಿ ತೀರ್ಪು ಕೊಡುವ ಜಾಗದಲ್ಲಿದ್ದರು. ಒಂದು ವರ್ಷ ಜೈಲು, ನೌಕರಿಯಿಂದ ವಜಾ! 1987ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು.

ಅಜ್ಜ-ಅಜ್ಜಿಯರೇ, ಮನೆಯಲ್ಲಿ ಗಾಜಿನ ಲೋಟ ಒಡೆದರೆ ತೀರ್ಪು ಕೊಡುವ ಮುನ್ನ ಎಲ್ಲರಿಗಿಂತ ಚಿಕ್ಕವರನ್ನು ಮೊದಲು ಕೇಳಿ. ಮಕ್ಕಳೇ, ಕೇಳಿದಾಗ ನೀವು ನಿಜ ಹೇಳಿ.