ಗಾಜಿನ ತೊಟ್ಟಿಯಲ್ಲಿ ಹವಳದ ಮೀನು

ಮುಧೋಳ ತಾಲ್ಲೂಕಿನ ತಿಮ್ಮಾಪುರದ ಸುತ್ತಲಿನ ರೈತರಿಗೆ ಸವುಳು ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ಕಬ್ಬಿಗೆ ಹಾಯಿಸಿದ ನೀರು ಬಿಸಿಲಿಗೆ ಆರಿಹೋಗುತ್ತದೆ. ಅದರಲ್ಲಿ ಕರಗಿದ್ದ ಲವಣ ಹೊಲದಲ್ಲೇ ಉಳಿಯುತ್ತದೆ. ವರುಷಾನುಗಟ್ಟಲೆ ಹೀಗೇ ನಡೆದರೆ ಭೂಮಿ ಬಂಜರು. ಪಡಸಾಲೆಯಲ್ಲಿಟ್ಟ ಸಮುದ್ರ ಮೀನಿನ ತೊಟ್ಟಿಯಲ್ಲಿ ಇದೇ ಕ್ರಿಯೆ ಒಂದು ವಾರದಲ್ಲಿ ನಡೆದುಹೋಗುತ್ತದೆ.

ಹವಳದ ದಿಬ್ಬಗಳ ಬಣ್ಣದ ಮೀನುಗಳನ್ನು ಟಿ.ವಿ.ಯಲ್ಲಿ ಕಂಡ ಮಕ್ಕಳು ಅಂಥದ್ದೇ ಬೇಕೆಂದು ಹಟ ಹಿಡಿಯುವುದು ಸಹಜ. ಮೀನು ಚಿಕ್ಕದು, ಆದ್ದರಿಂದ ತೊಟ್ಟಿಯೂ ಚಿಕ್ಕದಿರಲಿ ಎಂದು ಹಿರಿಯರು ಲೆಕ್ಕ ಹಾಕುತ್ತಾರೆ. ಲೆಕ್ಕ ತಪ್ಪುವುದು ಇಲ್ಲಿಯೇ.

ಸಮುದ್ರದ 1 ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. 60 ಲೀಟರಿನ ತೊಟ್ಟಿಗೆ 2 ಕಿಲೋ 100 ಗ್ರಾಂ ಆಯಿತು. ಬೇಸಿಗೆಯಲ್ಲಿ ದಿನಕ್ಕೆ 1 ಲೀಟರ್ ನೀರು ಆವಿಯಾಗುತ್ತದೆ ಎನ್ನಿ. ಆರು ದಿನಗಳ ನಂತರ 54 ಲೀಟರಿನಲ್ಲಿ ಅಷ್ಟೇ ಲವಣ, ಅಂದರೆ ಲೀಟರಿಗೆ ಸುಮಾರು 39 ಗ್ರಾಂ. 20 ಲೀಟರಿನ ತೊಟ್ಟಿಯಲ್ಲಿ ದಿನಕ್ಕೆ ಅರ್ಧ ಲೀಟರ್ ಮಾತ್ರ ಆರಿದರೂ ಆರು ದಿನಕ್ಕೆ ಅದು 41 ದಾಟುತ್ತದೆ. ವಿದ್ಯಾರ್ಥಿಗಳು ತಾವೇ ಲೆಕ್ಕ ಮಾಡಿ ನೋಡಬಹುದು. ಉಪ್ಪು ಹಚ್ಚಿದ ಮಾವಿನ ಹೋಳಿನಂತೆ ಸಮುದ್ರದ ಮೀನಿನ ಮೈಯೂ ಸದಾ ನೀರು ಬಿಡುತ್ತಿರುತ್ತದೆ. ಅದು ಉಪ್ಪುನೀರನ್ನೇ ಕುಡಿದು, ಹೆಚ್ಚಿನ ಲವಣವನ್ನು ಕಿವಿರುಗಳ ಮೂಲಕ ಹೊರಹಾಕಿ ಹೇಗೋ ತೂಗಿಸಿಕೊಳ್ಳುತ್ತದೆ. ದಿಢೀರನೆ ಲವಣ ಏರಿದರೆ ಈ ಏರ್ಪಾಡು ಸೋಲುತ್ತದೆ. ಆದ್ದರಿಂದ ಆರಿದಷ್ಟು ನೀರನ್ನು ದಿನವೂ ತುಂಬಬೇಕು, ಅದೂ ಸಿಹಿನೀರನ್ನು. ಉಪ್ಪುನೀರು ಸುರಿದರೆ ಸವುಳು ಇನ್ನೂ ಹೆಚ್ಚುತ್ತದೆ. ಕೊಳವೆಬಾವಿಯ ಗಡಸು ನೀರು ಬೇಡ, ಆರ್.ಒ. ನೀರು ಬೇಕು. ಅಡುಗೆ ಉಪ್ಪೂ ಸಾಲದು. ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟ್ಯಾಷಿಯಂಗಳೆಲ್ಲ ಇರುವ ಸಿದ್ಧ ಸಮುದ್ರ ಲವಣವನ್ನೇ ಕೊಳ್ಳಬೇಕು.

ಹೊಲಕ್ಕೆ ಯೂರಿಯಾ ಹಾಕುವ ಮನೆಯ ಮಕ್ಕಳಿಗೆ ಸಾರಜನಕದ ಚಕ್ರ ಹೊಸದಲ್ಲ. ಮೀನು ವಿಸರ್ಜಿಸುವ ಅಮೋನಿಯಾ ವಿಷ. ಅದನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡಬೇಕು, ಇನ್ನೊಂದು ಬಗೆಯದು ನೈಟ್ರೇಟ್ ಮಾಡಬೇಕು. ತೊಟ್ಟಿಯ ಕಲ್ಲು, ಮರಳಿನಲ್ಲಿ ಇವು ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ನೀರು, ಮೀನು ಎರಡನ್ನೂ ಒಂದೇ ದಿನ ತಂದ ಮನೆಯಲ್ಲಿ ಮೀನು ಸಾಯುವುದು ಹಣೆಬರಹದಿಂದಲ್ಲ, ಅಮೋನಿಯಾದಿಂದ.

ಹವಳದ ಮೀನುಗಳಲ್ಲಿ ತೀರ ಪುಟ್ಟವು ಗೋಬಿಗಳು. (ಹೆಸರು ಕೇಳಿ ಮಂಚೂರಿ ನೆನಪಾದರೆ ಮಕ್ಕಳನ್ನು ಬೈಯುವಂತಿಲ್ಲ!) ಎವಿಯೋಟಾ ಸಿಜಿಲ್ಲಾಟಾ ಎಂಬ ಗೋಬಿ ಎರಡು ಸೆಂಟಿಮೀಟರ್ ಕೂಡ ಇಲ್ಲ. ಅದರ ಗರಿಷ್ಠ ಆಯುಷ್ಯ 59 ದಿನಗಳೆಂದು ಆಸ್ಟ್ರೇಲಿಯದ ವಿಜ್ಞಾನಿಗಳು 2005ರಲ್ಲಿ ಪ್ರಕಟಿಸಿದರು. ಬೆನ್ನೆಲುಬುಳ್ಳ ಪ್ರಾಣಿಗಳಲ್ಲಿ ಇಷ್ಟು ಅಲ್ಪಾಯುಷಿ ಆಗ ಬೇರೊಂದು ತಿಳಿದಿರಲಿಲ್ಲ. ತೊಟ್ಟಿಯ ನೀರು ಹದಗೊಳ್ಳುವಷ್ಟರಲ್ಲಿ ಇದರ ಬಾಳು ಮುಕ್ಕಾಲು ಮುಗಿದಿರುತ್ತದೆ.

ಗೋಬಿಯೋಡಾನ್ ಎಂಬ ಇನ್ನೊಂದು ಗುಂಪಿನ ಮೀನುಗಳು ಕವಲು ಕವಲಾದ ಹವಳದ ಸಂದಿಯಲ್ಲೇ ಸಂಸಾರ ಹೂಡುತ್ತವೆ. ಮೈಮೇಲೆ ಹುರುಪೆಗಳಿಲ್ಲ, ವಿಷದ ಲೋಳೆಯಿದೆ. ಸಂಗಾತಿಯನ್ನು ಹುಡುಕಿಕೊಂಡು ಇನ್ನೊಂದು ಹವಳಕ್ಕೆ ಹೊರಟರೆ ದಾರಿಯಲ್ಲೇ ಯಾರದೋ ಬಾಯಿಗೆ ತುತ್ತು. ಹೀಗಾಗಿ ಒಂದೇ ಹವಳದಲ್ಲಿ ಎರಡು ಗಂಡು ಅಥವಾ ಎರಡು ಹೆಣ್ಣು ಸೇರಿದರೆ ಅವುಗಳಲ್ಲೊಂದು ಲಿಂಗವನ್ನೇ ಬದಲಿಸಿಕೊಳ್ಳುತ್ತದೆ! ಮನೆ ಬಿಡುವುದಕ್ಕಿಂತ ಮೈ ಬದಲಿಸುವುದೇ ಸುಲಭವೆನ್ನುವ ಜೀವಿಯನ್ನು ಹವಳವಿಲ್ಲದೆ ಸಾಕುವುದು ಸಾಕಣೆಯೇ ಅಲ್ಲ.

ಹಾಗಾದರೆ ಹವಳವನ್ನೂ ತರೋಣವೆಂದರೆ ಕಾನೂನು ಅಡ್ಡ ಬರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ, ಹುಲಿ ಇರುವ ಪಟ್ಟಿಗೇ, ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ ಸೇರಿಸಲಾಯಿತು. ಕಡಲ ಕುದುರೆಯನ್ನೂ ಸೇರಿಸಿದರು. ನಮ್ಮ ರಾಜ್ಯದಲ್ಲಿ ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಅಲ್ಲಿ ಮುಳುಗಿ ನೋಡಬಹುದು, ಒಂದು ಚೂರನ್ನೂ ಕೀಳುವಂತಿಲ್ಲ.

ಆಸೆ ಬಿಡಲಾಗದವರಿಗೆ ಉಳಿದಿರುವುದು ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟೆಯ ಕ್ಲೌನ್ ಮೀನು. ಇದಕ್ಕೆ ಜೀವಂತ ಹವಳದ ಹಂಗಿಲ್ಲ. ಸುಣ್ಣಕಲ್ಲಿನ ಸಂದಿಯಿದ್ದರೆ ಹೊಂದಿಕೊಂಡು ಹತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲದು. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಇದರ ಮರಿ ಮಾಡಿಸುವ ವಿಧಾನವನ್ನು ರೂಪಿಸಿರುವುದರಿಂದ ಸಮುದ್ರದಲ್ಲಿ ಹಿಡಿದ ಮೀನೇ ಆಗಬೇಕೆಂದಿಲ್ಲ. ಆದರೂ ತಿಮ್ಮಾಪುರದ ಏಪ್ರಿಲ್–ಮೇ ಬಿಸಿಲು ಸಾಮಾನ್ಯವಲ್ಲ. ನೀರು 30 ಡಿಗ್ರಿ ದಾಟಿದಂತೆ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ. ಅದೇ ಹೊತ್ತಿಗೆ ಕರೆಂಟ್ ಹೋಗಿ ಪಂಪು ನಿಂತರೆ ಬೆಳಗಾಗುವುದರೊಳಗೆ ಎಲ್ಲ ಮುಗಿದಿರುತ್ತದೆ. ಬ್ಯಾಟರಿಯ ಗಾಳಿ ಪಂಪು, ನೀರಿನ ಮೇಲೆ ಬೀಸುವ ಸಣ್ಣ ಫ್ಯಾನು ಇಷ್ಟಾದರೂ ಇರಲೇಬೇಕು. ಫ್ಯಾನು ಬೀಸಿದಷ್ಟೂ ನೀರು ಬೇಗ ಆರುತ್ತದೆ ಎಂಬುದನ್ನೂ ಮರೆಯುವಂತಿಲ್ಲ.

ಮೊದಲ ಆರು ವಾರ ಬರಿಯ ಉಪ್ಪುನೀರಿನ ತೊಟ್ಟಿಯನ್ನೇ ಮಕ್ಕಳಿಗೆ ಒಪ್ಪಿಸಿ, ದಿನವೂ ಉಷ್ಣತೆ ಮತ್ತು ಲವಣಾಂಶವನ್ನು ನೋಟ್‌ಬುಕ್ಕಿನಲ್ಲಿ ಬರೆಸುವುದು ಒಳ್ಳೆಯದು. ಬೇಸರಪಡದೆ ಬರೆದವರು ಅಂಗಡಿಗೆ ಹೋಗಲಿ. ಅಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದಲ್ಲ. ಮರಿಕೇಂದ್ರದಲ್ಲಿ ಹುಟ್ಟಿದ ಮೀನೋ, ಕಡಲಿನಿಂದ ಹಿಡಿದು ತಂದದ್ದೋ ಎಂದು ಕೇಳಬೇಕು. ಎರಡನೆಯದಾಗಿ, ತಮ್ಮ ಕಣ್ಣೆದುರಿಗೇ ಅದಕ್ಕೆ ಆಹಾರ ಹಾಕಿ ತೋರಿಸಲು ಹೇಳಬೇಕು. ತಿನ್ನದ ಮೀನನ್ನು ಎಷ್ಟೇ ಅಗ್ಗವಾಗಿ ಕೊಟ್ಟರೂ ತರಬಾರದು.