ಬ್ಲಾಕಿನ ಸಂಖ್ಯೆ ಯಾರು ಹೇಳಬೇಕು?

ಅದೇ ಜಲ್ಲಿ, ಅದೇ ಎಂ-ಸ್ಯಾಂಡ್, ಅದೇ ಸಿಮೆಂಟು. ನೀರು ಬೆರೆಸಿ ಮಿಕ್ಸರ್ ಲಾರಿಯಲ್ಲಿ ಹಸಿಯಾಗಿಯೇ ಹೊರಟರೆ ಸುಂಕದ ಪಟ್ಟಿಯಲ್ಲಿ ಅದು 3824 50. ಅಚ್ಚಿಗೆ ಹಾಕಿ, ಕ್ಯೂರಿಂಗ್ ಮುಗಿಸಿ ಆರಿಂಚಿನ ಬ್ಲಾಕ್ ಮಾಡಿದರೆ 6810 11. ಕಂಬಿ ಕಟ್ಟಿ ತೊಲೆಯಾಗಿ ಎರಕ ಹೊಯ್ದರೆ 6810 91. ಜೋಡಿಸಲು ಸಿದ್ಧವಾದ ಇಡೀ ಮನೆಯಾಗಿ ಹೋದರೆ 9406. ಗೊಂದಲದಂತೆ ಕಂಡರೂ ಇದರಲ್ಲಿ ತರ್ಕವಿದೆ: ಮಾಲಿಗೆ ಎಷ್ಟು ಕೆಲಸ ಹಿಡಿದಿದೆ, ಅದು ಯಾವ ರೂಪಕ್ಕೆ ಬಂದಿದೆ ಎಂಬುದನ್ನು ಕಣ್ಣಾರೆ ನೋಡಿ ಹೇಳಬಹುದು. 1988ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಮೊದಲ ಆರು ಅಂಕಿ ಎಲ್ಲ ಸದಸ್ಯ ದೇಶಗಳಿಗೂ ಒಂದೇ. ಭಾರತ ಇನ್ನೆರಡು ಸೇರಿಸಿಕೊಂಡಿದೆ.

ನೆಲಮಂಗಲ ತಾಲ್ಲೂಕಿನ ಸೋಂಪುರದಲ್ಲಿ ಬ್ಲಾಕ್ ಮಾಡಿ ದಾಬಸ್‌ಪೇಟೆಯ ಆಚೆಗೆ ಮಾರದವರೂ ಈ ಪಟ್ಟಿಯಿಂದ ತಪ್ಪಿಸಿಕೊಳ್ಳಲಾರರು. ಜಿಎಸ್‌ಟಿ ದರಗಳು 1975ರ ಕಸ್ಟಮ್ಸ್ ಸುಂಕ ಕಾಯ್ದೆಯ ಸಂಖ್ಯೆಗಳನ್ನೇ ಹಿಡಿದು ನಡೆಯುತ್ತವೆ. ತೊಡಕು ಬಂದದ್ದು ಹಾರುಬೂದಿಯಲ್ಲಿ. ಬೂದಿ, ಸುಣ್ಣ, ಸಿಮೆಂಟು, ಜಿಪ್ಸಂ ಕಲಸಿ, ಚೂರು ಅಲ್ಯೂಮಿನಿಯಂ ಪುಡಿ ಹಾಕಿ ಉಬ್ಬಿಸಿ, ಒತ್ತಡದ ಹಬೆಯಲ್ಲಿ ಬೇಯಿಸಿದರೆ ಎಎಸಿ ಬ್ಲಾಕ್. ಅದು ಕಾಂಕ್ರೀಟ್ ಎನ್ನುವುದಾದರೆ 6810, ತೆರಿಗೆ ಶೇ. 18, ಬೂದಿಯ ಮಾಲು ಎನ್ನುವುದಾದರೆ 6815, ಶೇ. 12. ಬೂದಿ ಅರ್ಧಕ್ಕಿಂತ ಹೆಚ್ಚಿದ್ದರೆ 6815 ಎಂದು ಸ್ಪಷ್ಟಪಡಿಸಲು ಜಿಎಸ್‌ಟಿ ಮಂಡಳಿ ತೀರ್ಮಾನಿಸಿದ್ದು 2024ರ ಡಿಸೆಂಬರ್ 21ರ ಜೈಸಲ್ಮೇರ್ ಸಭೆಯಲ್ಲಿ. ಜಿಎಸ್‌ಟಿ ಬಂದದ್ದು 2017ರ ಜುಲೈನಲ್ಲಿ! ಮೂಲ ದಾಖಲೆಯಲ್ಲೇ ಬರೆದಿರಬೇಕಾದ ಒಂದು ಸಾಲಿಗೆ ಅಷ್ಟು ವರ್ಷ ಹಿಡಿಯಿತು.

ಅಲ್ಲಿಯವರೆಗಿನ ಸಂದೇಹದ ಭಾರ ಯಾರದು? ನಡೆದುಬಂದ ರೀತಿಯಲ್ಲಿ ಬಹುಪಾಲು ವ್ಯಾಪಾರಿಯದೇ. 2011ರಿಂದ ಆಮದುದಾರರೇ ಸಂಖ್ಯೆ ಬರೆದು ಸುಂಕದ ಲೆಕ್ಕ ಹಾಕಬೇಕು. ತಪ್ಪಿದರೆ ಬಾಕಿಯ ಮೇಲೆ ಬಡ್ಡಿ, ಕೆಲವೊಮ್ಮೆ ದಂಡ. 2018ರ ದಿಲೀಪ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ತೆರಿಗೆ ವಿಧಿಸುವ ಕಲಮು ಅಸ್ಪಷ್ಟವಾಗಿದ್ದರೆ ಲಾಭ ತೆರಿಗೆದಾರರಿಗೆ, ವಿನಾಯಿತಿಯ ಅಧಿಸೂಚನೆ ಅಸ್ಪಷ್ಟವಾಗಿದ್ದರೆ ಸರ್ಕಾರಕ್ಕೆ ಎಂದಿತು. ಮಾಲಿನಲ್ಲಿ ಏನಿದೆ ಎಂಬುದು ಮಾಡಿದವರಿಗೇ ಚೆನ್ನಾಗಿ ಗೊತ್ತು ಎಂಬ ವಾದ ಒಪ್ಪತಕ್ಕದ್ದೇ. ಎಷ್ಟು ಬೂದಿ ಸುರಿದೆವೆಂದು ಬ್ಯಾಚಿಂಗ್ ಲೆಕ್ಕ ತೋರಿಸುವುದು ಅವರ ಹೊಣೆ. ಅಷ್ಟು ಬೂದಿಯ ಬ್ಲಾಕ್ ಯಾವ ಸಂಖ್ಯೆಗೆ ಸೇರುತ್ತದೆ ಎಂಬುದನ್ನು ಮಾತ್ರ ಪಟ್ಟಿ ಬರೆದವರೇ ಹೇಳಬೇಕು.

ಮುಂಗಡ ತೀರ್ಪು ಕೇಳಬಹುದಲ್ಲ ಎನ್ನಬಹುದು. ಕಸ್ಟಮ್ಸ್‌ನ ಆ ಪ್ರಾಧಿಕಾರಗಳಿರುವುದು ದೆಹಲಿ, ಮುಂಬೈಗಳಲ್ಲಿ. ದೂರದ ಮಾತು ಹಾಗಿರಲಿ, ತೀರ್ಪು ಅನ್ವಯಿಸುವುದು ಕೇಳಿದವರೊಬ್ಬರಿಗೇ. ಜಿಎಸ್‌ಟಿಯಲ್ಲೂ ಅಷ್ಟೇ. ಪಕ್ಕದ ಶೆಡ್ಡಿನವರು ಅದೇ ಮಿಶ್ರಣದ ಬ್ಲಾಕಿಗೆ ಮತ್ತೆ ಅರ್ಜಿ ಹಾಕಬೇಕು. ಒಂದೊಂದು ಮಾಲಿನ ವಿವರವೂ ಬೇರೆ ಎಂಬ ಕಾರಣ ಯಂತ್ರೋಪಕರಣಗಳಿಗೆ ಒಪ್ಪೀತು. ನಾಲ್ಕೈದು ಪದಾರ್ಥಗಳ ಬ್ಲಾಕಿಗೆ ಅದು ಸಲ್ಲದು. ಇಂಥ ಮಾಲಿನ ಬಗ್ಗೆ ಒಬ್ಬರಿಗೆ ಕೊಟ್ಟ ತೀರ್ಪು, ಮೇಲಿನ ನ್ಯಾಯಾಲಯ ತಳ್ಳಿಹಾಕುವವರೆಗೆ, ಅದೇ ಮಿಶ್ರಣ ಬಳಸುವ ಎಲ್ಲರಿಗೂ ಅನ್ವಯಿಸಬೇಕು. ಅದಕ್ಕೂ ಮುಂಚಿನ ಅವಧಿಗೆ, ಲೆಕ್ಕ ಮುಚ್ಚಿಡದವರಿಂದ ಬಡ್ಡಿಯನ್ನಾಗಲಿ ದಂಡವನ್ನಾಗಲಿ ಕೇಳಬಾರದು.